ಆಫ್ ಮಾಡುವ ಮೊದಲು ಕನ್ಸೋಲ್ ಕೇಬಲ್ ಹುಡುಕಿ

ಪ್ರಶ್ನೆ: ನಮ್ಮ ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಮುಖ್ಯ ನೆಟ್‌ವರ್ಕ್ ಸ್ವಿಚ್ ಆಗಾಗ ಹ್ಯಾಂಗ್ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ವಾರಂಟಿ ಇದ್ದರೂ ‘ಲಾಗ್‌ನಲ್ಲಿ ಏನೂ ಇಲ್ಲ’ ಅಂತ ಬದಲಿ ಕೊಡುತ್ತಿಲ್ಲ. ಏನು ಮಾಡುವುದು?

ಇರುವುದಾದರೂ ಹೇಗೆ? ಅಳಿಸಿದ್ದು ನೀವೇ ಅಲ್ವಾ! ಸ್ವಿಚ್ ತನ್ನ ಲಾಗನ್ನು, ಅಂದರೆ ಯಾವಾಗ ಏನಾಯಿತು ಎಂಬ ದಾಖಲೆಯನ್ನು, ಸಾಮಾನ್ಯವಾಗಿ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಪವರ್ ಹೋಯಿತೋ, ಅದೂ ಹೋಯಿತು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ.

ಯಾವ ಕಂಪನಿಯದ್ದು ಅಂತ ನೀವು ಬರೆದಿಲ್ಲ. ಸಿಸ್ಕೋ ಕಮಾಂಡುಗಳನ್ನೇ ಹೇಳುತ್ತೇನೆ. ಬೇರೆಯದ್ದಾದರೆ ಹೆಸರು ಬದಲಾಗುತ್ತದೆ, ಕೆಲಸ ಅದೇ. ಮುಂದಿನ ಸಲ ಹ್ಯಾಂಗ್ ಆದಾಗ ಪ್ಲಗ್ ಮುಟ್ಟಬೇಡಿ. ಲ್ಯಾಪ್‌ಟಾಪನ್ನು ಸ್ವಿಚ್ಚಿನ ಕನ್ಸೋಲ್ ಪೋರ್ಟ್‌ಗೆ (ಸ್ವಿಚ್ ಜೊತೆ ನೇರವಾಗಿ ಮಾತಾಡುವ ಕಿಂಡಿ) ಹಾಕಿ, ಪುಟ್ಟಿ ಎಂಬ ಟರ್ಮಿನಲ್ ಸಾಫ್ಟ್‌ವೇರ್‌ನಲ್ಲಿ ತೆರೆಗೆ ಬಂದದ್ದೆಲ್ಲ ಉಳಿಸುವ ಲಾಗ್ ಫೈಲ್ ಶುರು ಮಾಡಿ, ಎಂಟರ್ ಒತ್ತಿ. ಉತ್ತರ ಬಂತಾ? ಹಾಗಾದರೆ ಪೂರ್ತಿ ಸತ್ತಿಲ್ಲ. ‘ಟರ್ಮಿನಲ್ ಲೆಂಗ್ತ್ 0’ (ಪುಟಕ್ಕೊಮ್ಮೆ ನಿಲ್ಲದಿರಲು), ಆಮೇಲೆ ‘ಶೋ ಟೆಕ್-ಸಪೋರ್ಟ್’ (ಸ್ವಿಚ್ಚಿನ ಸ್ಥಿತಿಯ ಪೂರ್ತಿ ವಿವರ) ಕೊಡಿ. ಕನ್ಸೋಲಿನ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 1 ಎಂಬಿ ಬರಲು 18 ನಿಮಿಷ ಬೇಕು. ಪ್ರಿನ್ಸಿಪಾಲರು ಕೂಗಾಡಲಿ, ಕಾಯಿರಿ. ಸ್ಕ್ರೀನಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಬೇಡಿ, ಯಾರೂ ಓದುವುದಿಲ್ಲ.

ಆಗಲೇ ರೀಸ್ಟಾರ್ಟ್ ಆಗಿಬಿಟ್ಟಿದ್ದರೆ ‘ಶೋ ವರ್ಷನ್’ ಕೊಡಿ. ಸ್ವಿಚ್ ಯಾಕೆ ಮತ್ತೆ ಶುರುವಾಯಿತು ಅಂತ ಅಲ್ಲಿ ಒಂದು ಸಾಲು ಇರುತ್ತದೆ. ‘ಪವರ್-ಆನ್’ ಅಂದರೆ ಕರೆಂಟು ಹೋಗಿ ಬಂದಿದೆ, ಅಷ್ಟೇ. ನೀವೇ ಪ್ಲಗ್ ಕಿತ್ತಿದ್ದರೂ ಅದೇ ಕಾಣುತ್ತದೆ. ತಾನಾಗಿ ಕ್ರ್ಯಾಶ್ ಆಗಿದ್ದರೆ ಫ್ಲ್ಯಾಶ್‌ನಲ್ಲಿ (ಪವರ್ ಹೋದರೂ ಅಳಿಯದ ಮೆಮೊರಿ) ‘ಕ್ರ್ಯಾಶ್‌ಇನ್ಫೊ’ ಫೈಲ್ ಸಿಗಬಹುದು. ನಾನೂ ಒಮ್ಮೆ ಆ ಸಾಲು ಓದದೆ ಸ್ವಿಚ್ಚನ್ನೇ ಬದಲಿಸಿದ್ದೆ. ಹೊಸದೂ ರೀಸ್ಟಾರ್ಟ್ ಆಯಿತು. ಕೆಟ್ಟಿದ್ದು ಯುಪಿಎಸ್ ಬ್ಯಾಟರಿ! ಅವತ್ತಿನಿಂದ ಮೊದಲು ನೋಡುವುದು ಆ ಸಾಲನ್ನೇ.

ಲಾಗ್‌ನಲ್ಲಿ ಪ್ಯಾರಿಟಿ ಎರರ್ (ಮೆಮೊರಿಯಲ್ಲಿಟ್ಟ ಬಿಟ್ ತಪ್ಪಾಗಿದೆ ಎಂಬ ಸೂಚನೆ) ಕಂಡರೆ ಗಾಬರಿ ಬೇಡ. ಕಾಸ್ಮಿಕ್ ಕಿರಣ ಬಡಿದು ಮೆಮೊರಿಯ ಒಂದು ಬಿಟ್ ತಿರುಗಿದರೂ ಅದು ಬರುತ್ತದೆ. ಒಮ್ಮೆ ಬಂದರೆ ಬರೆದಿಟ್ಟು ಸುಮ್ನಿರಿ. ಮತ್ತೆ ಬಂದರೆ ಬದಲಿ ಕೇಳಿ.

ಇನ್ನೊಂದು. ಲಾಗ್‌ನಲ್ಲಿ ನಕ್ಷತ್ರದ ಗುರುತಿನ ಜೊತೆ ಮಾರ್ಚ್ 1 ಅಂತ ತಾರೀಖು ಇದೆಯಾ? ಸಮಯ ಹೇಳುವವರಿಲ್ಲದಿದ್ದರೆ ಸಿಸ್ಕೋದ ಹಳೆಯ ಕ್ಯಾಟಲಿಸ್ಟ್ ಸ್ವಿಚ್ಚುಗಳು 1993ರ ಮಾರ್ಚ್ 1ರಿಂದ ಎಣಿಸಲು ಶುರು ಮಾಡುತ್ತವೆ. ಆ ಲಾಗನ್ನು ನಿಮ್ಮೂರಿನ ಗುಡುಗು-ಸಿಡಿಲಿನ ಜೊತೆ ಹೇಗೆ ತಾಳೆ ಹಾಕುತ್ತೀರಿ? ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಕೊಡುವ ಎನ್‌ಟಿಪಿಯನ್ನು ಇವತ್ತೇ ಹಾಕಿ. ಲಾಗನ್ನು ಬೇರೆ ಕಂಪ್ಯೂಟರಿನ ಸಿಸ್‌ಲಾಗ್‌ಗೂ (ಲಾಗ್ ಸಂಗ್ರಹಿಸುವ ವ್ಯವಸ್ಥೆ) ಕಳಿಸಿ.

ಪ್ರಶ್ನೆ: ಒಂದು ಪೋರ್ಟ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಲೆಕ್ಕ) ಜಾಸ್ತಿ. ಸ್ವಿಚ್ ಬದಲಿಸಬೇಕಾ?

ಕೌಂಟರ್ ಸೊನ್ನೆ ಮಾಡಿ, ಕೇಬಲ್ ಬದಲಿಸಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಔಟ್‌ಪುಟ್ ಡ್ರಾಪ್ (ಪೋರ್ಟ್‌ನಿಂದ ಹೊರಗೆ ಕಳಿಸಲಾಗದೆ ಸ್ವಿಚ್ ಬಿಟ್ಟುಬಿಟ್ಟ ಡೇಟಾ) ಹಾರ್ಡ್‌ವೇರ್ ದೋಷವೇ?

ಬಹುತೇಕ ಅಲ್ಲ. ಲಿಂಕ್ ತುಂಬಿ ತುಳುಕುತ್ತಿದೆ.

ಪ್ರಶ್ನೆ: ಬೋರ್ಡಿಗೆ ಹೀಟ್ ಗನ್ ಹಿಡಿದರೆ ಸರಿಯಾಗುತ್ತದೆ ಅಂತ ರಿಪೇರಿಯವರು ಹೇಳುತ್ತಾರೆ.

ಅವರನ್ನು ರ‍್ಯಾಕ್ ಹತ್ತಿರ ಬಿಡಬೇಡಿ. ಸರಿಯಾದರೂ ನಾಲ್ಕು ದಿನ. ವಾರಂಟಿಯಂತೂ ಅವತ್ತೇ ಹೋಯಿತು.