ನಾಟಕ ಶುರುವಾಗುವುದು 19ನೇ ಪುಟದಲ್ಲಿ

ನಮಸ್ಕಾರ.

ನಿಮ್ಮ ನಾಟಕವನ್ನು ವರ್ಷದ ನಾಟಕ ರಚನಾ ಸ್ಪರ್ಧೆಗೆ ಕಳಿಸುವ ಮುಂಚೆ ಒಮ್ಮೆ ನೋಡಿಕೊಡಿ ಎಂದಿದ್ದಿರಿ. ನೋಡಿದೆವು. ಈಗ ಇರುವ ಹಾಗೆ ಕಳಿಸಬೇಡಿ.

ಅಪ್ಪ ತೀರಿಕೊಂಡ ಮೇಲೆ ಮೂವರು ಮಕ್ಕಳು ಮನೆ ಪಾಲು ಮಾಡಿಕೊಳ್ಳುವ ಕತೆ. ವಸ್ತು ಹಳೆಯದು, ತೊಂದರೆ ಅದಲ್ಲ. ಮೊದಲ 18 ಪುಟಗಳಲ್ಲಿ ಯಾರಿಗೂ ಯಾರಿಂದಲೂ ಏನೂ ಬೇಕಾಗಿಲ್ಲ. ತಮಗೆ ಗೊತ್ತಿರುವುದನ್ನೇ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ‘ಅಪ್ಪ ಹೋಗಿ ಎರಡು ವಾರ ಆಯಿತು, ಆಗ ನೀನು ಪರವೂರಿನಲ್ಲಿದ್ದೆ’ ಎಂಬುದು ತಮ್ಮನಿಗೆ ಆಡಿದ ಮಾತಲ್ಲ, ಪ್ರೇಕ್ಷಕರಿಗೆ ಒಪ್ಪಿಸಿದ ವರದಿ. ರಾಶಿ ಹಸ್ತಪ್ರತಿ ಮುಂದಿಟ್ಟುಕೊಂಡ ತೀರ್ಪುಗಾರರು 19ನೇ ಪುಟದವರೆಗೆ ಕಾಯುವುದು ಅಪರೂಪ. ಅಲ್ಲಿ ತಂಗಿ ಟ್ರಂಕಿನ ಬೀಗದಕೈ ಮುಷ್ಟಿಯಲ್ಲಿ ಹಿಡಿದು ‘ಕಿತ್ಕೊಳ್ಳಿ ನೋಡೋಣ’ ಎನ್ನುತ್ತಾಳಲ್ಲ, ಅಲ್ಲೇ ತೆರೆ ಏಳಲಿ. ಹಿಂದಿನದರಲ್ಲಿ ನಿಜಕ್ಕೂ ಬೇಕಾದ್ದು ಮೂರೋ ನಾಲ್ಕೋ ಸಂಗತಿ. ಅವು ಜಗಳದ ನಡುವೆ ಚುಚ್ಚುಮಾತಾಗಿ ಬರಲಿ: ‘ಹೆಣ ಎತ್ತೋಕೆ ಬರದವನಿಗೆ ಟ್ರಂಕ್ ಯಾಕೆ?’

ರಂಗಸೂಚನೆಗೆ ಬರೋಣ. ‘ಅವನ ಮನದಲ್ಲಿ ಬಾಲ್ಯದ ನೆನಪು ಉಕ್ಕುತ್ತದೆ’ ಎಂದು ಬರೆದಿದ್ದೀರಿ. ಕೊನೆಯ ಸಾಲಿನಲ್ಲಿ ಕೂತವರಿಗೆ ಅದು ಕಾಣುವುದು ಹೇಗೆ? ಅಪ್ಪನ ಚಪ್ಪಲಿಗೆ ಅವನು ಕಾಲು ತೂರಿಸಿ ನೋಡಲಿ, ಸಾಕು. ‘ದುಃಖದಿಂದ’, ‘ಕೋಪದಿಂದ’ ಎಂಬ ಆವರಣಗಳನ್ನೆಲ್ಲ ಹೊಡೆದುಹಾಕಿ.

23 ದೃಶ್ಯ, ಒಂದೊಂದಕ್ಕೂ ಒಂದೊಂದು ಜಾಗ! ಇದು ಸಿನಿಮಾದ ಲೆಕ್ಕ. ದೃಶ್ಯ ಬದಲಿಸಲು ಅರ್ಧ ನಿಮಿಷ ಎಂದುಕೊಂಡರೂ 11 ನಿಮಿಷ ಜನ ಕತ್ತಲಲ್ಲಿ ಕೂರುತ್ತಾರೆ. 6ನೇ ದೃಶ್ಯದ ಕೊನೆಗೆ ಮಳೆಯಲ್ಲಿ ತೊಯ್ದು ಒಳಗೆ ಹೋದ ತಂಗಿ 7ರ ಮೊದಲ ಮಾತಿಗೇ ಒಣಬಟ್ಟೆಯಲ್ಲಿ ಹೊರಬರಬೇಕೆಂದರೆ ಬಟ್ಟೆ ಬದಲಿಸಲು ಹೊತ್ತೆಲ್ಲಿ? ನಡುವೆ ಅಣ್ಣತಮ್ಮಂದಿರಿಗೆ ಒಂದೂವರೆ ಪುಟ ಮಾತು ಕೊಡಿ. ಒಂದೊಂದೇ ಮಾತಾಡಿ ಹೋಗುವ ನಾಲ್ವರು ನೆರೆಯವರನ್ನು ಒಬ್ಬರನ್ನಾಗಿಸಿ.

ತಿದ್ದಿದ ಮೇಲೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿಸಿ. ನೀವು ಓದಬೇಡಿ, ಬರೆದವರ ನಾಲಿಗೆ ಎಡವುವುದಿಲ್ಲ. ಬೇರೆಯವರು ಎಡವಿದ ಕಡೆ ಗುರುತು ಹಾಕಿಕೊಳ್ಳಿ.

ಪ್ರತಿ ಪುಟದಡಿ ನಿಮ್ಮ ಹೆಸರಿದೆ. ಹೆಸರು ಮರೆಮಾಡಿ ತೀರ್ಪು ಕೊಡುವ ಸ್ಪರ್ಧೆಯಾದರೆ ಇದೊಂದಕ್ಕೇ ನಿಮ್ಮ ಹಸ್ತಪ್ರತಿ ಪಕ್ಕಕ್ಕೆ ಹೋಗಬಹುದು. ಫೈಲಿನ ಹೆಸರಿನಿಂದಲೂ ತೆಗೆಯಿರಿ. 12ನೇ ದೃಶ್ಯ ಇತ್ತೀಚಿನ ಒಂದು ಕತೆಯಿಂದ ಎತ್ತಿಕೊಂಡದ್ದು ಎಂದು ನೀವೇ ತಿಳಿಸಿದ್ದೀರಿ. ಆ ಲೇಖಕರ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಅದನ್ನು ಬಿಡಿ. ನಾಟಕಕ್ಕೇನೂ ನಷ್ಟವಿಲ್ಲ.