ಕಾಂಪ್ಯಾಕ್ಟ್ ಎಸ್‌ಯುವಿ ಎರೆ ಹೊಲದಲ್ಲಿ ಓಡುತ್ತದಾ?

ಪ್ರಶ್ನೆ: ಹಿರಿಯೂರಿನ ಹತ್ತಿರ ನಮ್ಮ ತೋಟ ಇದೆ, ಕೊನೆಯ ಒಂದು ಕಿಲೋಮೀಟರ್ ಎರೆ ಮಣ್ಣಿನ ದಾರಿ. ಜಾಹೀರಾತಿನಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿ ಬಂಡೆ, ಹಳ್ಳ ಎಲ್ಲ ದಾಟುತ್ತದೆ. ನಿಜವಾಗಲೂ ಹೋಗುತ್ತದಾ ಸಾರ್?
– ಓದುಗರೊಬ್ಬರು, ಹಿರಿಯೂರು

ಉತ್ತರ: ಬೇಸಿಗೆಯಲ್ಲಿ ಹೋಗುತ್ತದೆ, ಕೆಸರಿನಲ್ಲಿ ನಂಬಬೇಡಿ. ಬ್ರೆಝಾ, ನೆಕ್ಸಾನ್ ಥರದ ಗಾಡಿಗಳ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ) ಸುಮಾರು 200 ಮಿ.ಮೀ., ಗುಂಡಿ, ಕಲ್ಲಿಗೆ ಅದು ಸಾಕು. ಆದರೆ ಇಂಜಿನ್ ಬಲ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ನೆನೆದ ಎರೆ ಮಣ್ಣು ಟೈರಿನ ಗೆರೆಗಳಲ್ಲಿ ಮೆತ್ತಿಕೊಂಡರೆ ಹಿಡಿತವೇ ಇರುವುದಿಲ್ಲ, ಚಕ್ರ ಸುಮ್ನೆ ತಿರುಗುತ್ತಾ ಹೂತುಕೊಳ್ಳುತ್ತದೆ, ಆಮೇಲೆ ಗಾಡಿಯ ಹೊಟ್ಟೆ ನೆಲಕ್ಕೆ ಕೂರುತ್ತದೆ. ಚಳ್ಳಕೆರೆ ಕಡೆ ನನಗೆ ಹೀಗೇ ಆಯಿತು, ಶೇಂಗಾ ಹೊಲದವರ ಟ್ರ್ಯಾಕ್ಟರ್ ಬಂದು ಎಳೆಯಿತು, ಅವರ ಉಪಕಾರ ಮರೆಯಲ್ಲ. ಕೆಲವು ಗಾಡಿಗಳಲ್ಲಿ ‘ಮಡ್’, ‘ಸ್ಯಾಂಡ್’ ಅಂತ ಮೋಡ್ ಇರುತ್ತದೆ, ಅಲ್ವಾ? ಅದು ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುತ್ತದೆ, ಅಷ್ಟೇ. ಹಿಂದಿನ ಚಕ್ರ ದೂಡುವುದಿಲ್ಲ.

ಮಳೆಯಲ್ಲೂ ದಿನಾ ಹೋಗಲೇಬೇಕು ಅಂದರೆ ಮಾರುತಿಯ ಜಿಮ್ನಿ ನೋಡಿ. ಉದ್ದ ನಾಲ್ಕು ಮೀಟರ್ ಒಳಗೇ ಇದೆ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಡ್ರೈವ್ ಜೊತೆ, ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರೂ ಇದೆ. ವರ್ಷಕ್ಕೆ ಹತ್ತು ದಿನದ ಕೆಸರಾದರೆ ಗಾಡಿಯನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆಯಿರಿ.