ಸನ್ಮಾನದ ಆಮಂತ್ರಣ ಪತ್ರಿಕೆಯಲ್ಲಿ ಅಂಗವಿಕಲ, ವಿಕಲಚೇತನ, ದಿವ್ಯಾಂಗ: ಯಾವುದು ಸರಿ?

ನೀವು ಕೇಳಿದ್ದು: ಡೊಂಬಿವಲಿಯ ನಿಮ್ಮ ಕನ್ನಡ ಸಂಘ ಡಿಸೆಂಬರ್ 3ಕ್ಕೆ, ವಿಶ್ವ ಅಂಗವಿಕಲರ ದಿನದಂದು, ಅಂಗವೈಕಲ್ಯವುಳ್ಳ ನಾಲ್ವರನ್ನು ಸನ್ಮಾನಿಸುತ್ತಿದೆ; ಯಾರಿಗೂ ನೋವಾಗದಂತೆ ಪತ್ರಿಕೆಯಲ್ಲಿ ಏನು ಬರೆಯಬೇಕು, ವೇದಿಕೆಯಲ್ಲಿ ಏನನ್ನಬೇಕು?

ಪದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ನೋಡಿ. ಪಾಲಿಕೆಗೆ ಕೊಡುವ ಪತ್ರ, ಸರ್ಕಾರಿ ಅರ್ಜಿ ಇತ್ಯಾದಿಗೆ 'ದಿವ್ಯಾಂಗ' ಅಂತಲೇ ಬರೆಯಿರಿ. ಮಹಾರಾಷ್ಟ್ರದಲ್ಲಿ ಇಲಾಖೆಯ ಹೆಸರೇ ದಿವ್ಯಾಂಗ ಕಲ್ಯಾಣ ವಿಭಾಗ. ಅಲ್ಲಿ 'ವಿಕಲಚೇತನ' ಅಂದರೆ ಕೌಂಟರಿನಲ್ಲಿ ಮುಖ ಮುಖ ನೋಡುತ್ತಾರೆ. ಕನ್ನಡ ಆಮಂತ್ರಣ ಪತ್ರಿಕೆಗೆ ನಾನಾದರೆ 'ಅಂಗವೈಕಲ್ಯವುಳ್ಳವರು' ಅಂತ ಹಾಕುತ್ತೇನೆ, ಜಾಗ ಸಾಲದಿದ್ದರೆ 'ಅಂಗವಿಕಲರು'.

'ವಿಕಲಚೇತನ' ಕರ್ನಾಟಕ ಸರ್ಕಾರ ಬಳಸುವ ಪದ, ಉದ್ದೇಶ ಒಳ್ಳೆಯದೇ. ಆದರೆ ಬಿಡಿಸಿ ನೋಡಿ: ಊನ ಇರುವುದು ಕಾಲಿಗೋ ಕಣ್ಣಿಗೋ, ಈ ಪದ ಅದನ್ನು ಚೇತನಕ್ಕೇ ಅಂಟಿಸುತ್ತದೆ. 'ದಿವ್ಯಾಂಗ' ಜನರ ಬಾಯಿಗೆ ಬಂದದ್ದು 2015ರ ಡಿಸೆಂಬರಿನ ಪ್ರಧಾನಿಯವರ ರೇಡಿಯೋ ಭಾಷಣದಿಂದ. ನಡೆಯಲಾಗದ ಕಾಲು ದಿವ್ಯ ಹೇಗಾಯಿತು ಅಂತ ಅಂಗವಿಕಲರ ಸಂಘಟನೆಗಳೇ ಆಗ ಕೇಳಿದ್ದವು. 2019ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿಯೂ ಈ ಪದದ ಬಗ್ಗೆ ಆಕ್ಷೇಪ ಎತ್ತಿತು. ಹಾಗಂತ ಸನ್ಮಾನಿತರಲ್ಲಿ ಯಾರಾದರೂ ತಮ್ಮನ್ನು ದಿವ್ಯಾಂಗ ಅಂತಲೇ ಕರೆದುಕೊಂಡರೆ ಅವರ ಹೆಸರಿನ ಮುಂದೆ ಅದೇ ಇರಲಿ, ತಿದ್ದಲು ಹೋಗಬೇಡಿ.

ಇಂಗ್ಲಿಷಿನಲ್ಲಿ 'ವ್ಯಕ್ತಿ' ಮೊದಲು ಬರಬೇಕೋ ವೈಕಲ್ಯ ಮೊದಲೋ ಅಂತ ದೊಡ್ಡ ಜಗಳವಿದೆ. ನಮಗೆ ಆ ತಲೆನೋವಿಲ್ಲ, ಕನ್ನಡದಲ್ಲಿ 'ವ್ಯಕ್ತಿ' ಹೇಗೂ ಕೊನೆಗೇ ಬರುತ್ತದೆ. ನಮ್ಮಲ್ಲಿ ಮರ್ಯಾದೆ ಕೂತಿರುವುದು 'ಅದು', 'ಅವರು' ಅನ್ನುವುದರಲ್ಲಿ, ಕ್ರಿಯಾಪದದ ಬಾಲದಲ್ಲಿ. 'ಅಂಗವೈಕಲ್ಯವುಳ್ಳ ವ್ಯಕ್ತಿ' ಅಂತ ಚೆಂದವಾಗಿ ಅಚ್ಚು ಹಾಕಿಸಿ, ಮೂವತ್ತು ವರ್ಷದವರ ಬಗ್ಗೆ 'ಪಾಪ, ಅದಕ್ಕೆ ಮಾತು ಬರಲ್ಲ, ಅದನ್ನ ಮುಂದೆ ಕೂರಿಸಿ' ಅಂದರೆ ಅಚ್ಚಿನ ಖರ್ಚು ದಂಡ. 'ಅದು' ಬಿಡಿ, 'ಪಾಪ' ಬಿಡಿ. ಜೊತೆಗೆ ಬಂದವರನ್ನು 'ಇವರು ಟೀ ಕುಡೀತಾರಾ?' ಅಂತ ಕೇಳುವ ಬದಲು ಸನ್ಮಾನಿತರನ್ನೇ ಕೇಳಿ.

ಒಬ್ಬೊಬ್ಬರ ಪರಿಚಯ ಬರೆಯುವಾಗ ಒಟ್ಟು ಪದಕ್ಕಿಂತ ನಿರ್ದಿಷ್ಟ ಪದ ಮೇಲು. 'ಅಂಧರು' ನಡೆಯುತ್ತದೆ, 'ದೃಷ್ಟಿಹೀನ'ದಲ್ಲಿ 'ಹೀನ' ಇದೆ, ನನಗೆ ಹಿಡಿಸದು. ಸ್ವಲ್ಪ ಕಾಣುವವರನ್ನು ಅಂಧರು ಅನ್ನಬೇಡಿ: 2016ರ ಅಂಗವಿಕಲರ ಹಕ್ಕುಗಳ ಕಾನೂನು ಅಂಧತ್ವ ಮತ್ತು ಮಂದದೃಷ್ಟಿಯನ್ನು ಬೇರೆ ಬೇರೆ ಎಣಿಸುತ್ತದೆ. ಕಿವುಡರ ವಿಷಯದಲ್ಲಿ 'ಮೂಗ', 'ಮೂಕ' ಎರಡೂ ಬೇಡ, ಮರಾಠಿಯ 'ಮೂಕಬಧಿರ'ವನ್ನೂ ಎತ್ತಿಕೊಳ್ಳಬೇಡಿ. ಅವರಲ್ಲಿ ಹೆಚ್ಚಿನವರ ಗಂಟಲಿಗೆ ಏನೂ ಆಗಿರುವುದಿಲ್ಲ. ಕೇಳಿಸದ್ದರಿಂದ ಮಾತು ಕಲಿತಿಲ್ಲ ಅಷ್ಟೇ, ಸಂಜ್ಞಾ ಭಾಷೆಯಲ್ಲಿ ಧಾರಾಳವಾಗಿ ಮಾತಾಡುತ್ತಾರೆ. 'ಕಿವುಡರು' ಅಥವಾ 'ಶ್ರವಣದೋಷವುಳ್ಳವರು' ಸಾಕು.

ಹೆಚ್ಚು ಎಡವುವುದು 'ಬುದ್ಧಿಮಾಂದ್ಯ'ದಲ್ಲಿ. ಅದರ ಬದಲು 'ಬೌದ್ಧಿಕ ಅಂಗವೈಕಲ್ಯ' ಅನ್ನಿ, 'ಮಾನಸಿಕ ಅಸ್ವಸ್ಥ' ಅಂತೂ ಬೇಡವೇ ಬೇಡ. ಒಂದು ಕಲಿಕೆಯ, ತಿಳಿವಳಿಕೆಯ ಮಿತಿ, ಇನ್ನೊಂದು ಕಾಯಿಲೆ. ಕಾನೂನಿನಲ್ಲೂ ಇವು ಪ್ರತ್ಯೇಕ.

ಯಾವ ಪದವೂ ಶಾಶ್ವತವಲ್ಲ ಅನ್ನಲು ದೂರ ಹೋಗಬೇಕಿಲ್ಲ. ಮುಂಬೈಯ ಬಾಂದ್ರಾದಲ್ಲಿರುವ, ಶ್ರವಣದೋಷಕ್ಕೆ ಸಂಬಂಧಿಸಿದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಹೆಸರಿನಲ್ಲಿ ಮೊದಲು 'ಹಿಯರಿಂಗ್ ಹ್ಯಾಂಡಿಕ್ಯಾಪ್ಡ್' ಇತ್ತು, ಈಗ ಇಲ್ಲ. 1972ರಲ್ಲಿ ಮುಂಬೈಯಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಈಗ 'ಅಡಾಪ್ಟ್'. ಸ್ನಾಯು ಬಿಗಿತಕ್ಕೆ ವೈದ್ಯರ ಪದವಾಗಿದ್ದ 'ಸ್ಪಾಸ್ಟಿಕ್' ಬ್ರಿಟನ್ನಿನ ಶಾಲೆಗಳಲ್ಲಿ ಬೈಗುಳವಾಗಿ, ಅಲ್ಲಿನ ಸಂಸ್ಥೆ 1994ರಲ್ಲೇ ಹೆಸರು ಬದಲಿಸಿತ್ತು. ಲೋಕಲ್ ರೈಲಿನ ಅಂಗವಿಕಲರ ಬೋಗಿಗೆ ಇಂದಿಗೂ ಎಲ್ಲರೂ 'ಹ್ಯಾಂಡಿಕ್ಯಾಪ್ ಡಬ್ಬಾ' ಅನ್ನುತ್ತಾರೆ. ಡಬ್ಬಿಗೆ ಅಂದದ್ದನ್ನು ಮನುಷ್ಯರಿಗೆ ಅನ್ನದಿದ್ದರೆ ಆಯಿತು.

ಇನ್ನು ನಿರೂಪಕರ ಚೀಟಿ. ಸಾಮಾನ್ಯವಾಗಿ ಹೀಗಿರುತ್ತದೆ: 'ಹುಟ್ಟು ಕುರುಡರಾದರೂ ಛಲ ಬಿಡದೆ, ಪೋಲಿಯೋ ಪೀಡಿತರಾಗಿ ವೀಲ್‌ಚೇರಿಗೆ ಅಂಟಿಕೊಂಡಿದ್ದರೂ, ನಾರ್ಮಲ್ ಜನರಿಗೂ ಮಾದರಿಯಾದ…' ಇದರಲ್ಲಿ 'ಆದರೂ' ಹೊಡೆದುಹಾಕಿ. 'ಪೀಡಿತ' ಬೇಡ: 2024ರ ಜುಲೈಯ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಪದಗಳನ್ನು ಬಿಡಿ ಎಂದಿದೆ. ವೀಲ್‌ಚೇರಿಗೆ ಯಾರೂ ಅಂಟಿಕೊಂಡಿರುವುದಿಲ್ಲ, ಅದನ್ನು 'ಬಳಸುತ್ತಾರೆ'. 'ನಾರ್ಮಲ್' ಜಾಗದಲ್ಲಿ 'ಅಂಗವೈಕಲ್ಯ ಇಲ್ಲದವರು'. ಉಳಿಯುವುದು: 'ಹಿಂದೂಸ್ತಾನಿ ಗಾಯಕಿ, ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದಾರೆ.' ಅವರು ಅಂಧರು ಅನ್ನುವುದು ಹಾಡಿಗೆ ಸಂಬಂಧಿಸಿದ್ದರೆ ಮಾತ್ರ ಹೇಳಿ, ಅದೂ ಅವರನ್ನು ಕೇಳಿ. ಅಂಗವೈಕಲ್ಯದ ಸರ್ಟಿಫಿಕೇಟಿನ ಶೇಕಡಾವಾರು ಮೈಕಿನಲ್ಲಿ ಬರಲೇಕೂಡದು. ಹಾಸ್ಯ ಕಾರ್ಯಕ್ರಮ ಇದ್ದರೆ ಕಲಾವಿದರಿಗೆ ಮೊದಲೇ ತಿಳಿಸಿ: ಅಂಗವಿಕಲರನ್ನು ಸಾರ್ವಜನಿಕವಾಗಿ, ಬೇಕೆಂದೇ ಅವಮಾನಿಸಿದರೆ ಅದೇ 2016ರ ಕಾನೂನಿನ ಕಲಂ 92ರಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ ಇದೆ.

ಪತ್ರಿಕೆಯ ಕೆಳಗೆ ಎರಡು ಸಾಲಿಗೆ ಜಾಗ ಬಿಡಿ: ಸಭಾಂಗಣಕ್ಕೆ ಮೆಟ್ಟಿಲಿಲ್ಲದ ದಾರಿ ಯಾವ ಗೇಟಿನಿಂದ, ಸಂಜ್ಞಾ ಭಾಷೆಯ ಅನುವಾದಕರು ಬೇಕಾದರೆ ಯಾರಿಗೆ ಫೋನ್ ಮಾಡಬೇಕು. ರ‍್ಯಾಂಪ್ ಹಾಕಿಸುವುದಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ವೇದಿಕೆ ಎರಡಡಿ ಇದ್ದರೆ ಇಪ್ಪತ್ತನಾಲ್ಕು. ಅಷ್ಟು ಜಾಗ ಇಲ್ಲದಿದ್ದರೆ ಜನರ ಮುಂದೆ ಕುರ್ಚಿ ಸಮೇತ ಎತ್ತಿ ಹತ್ತಿಸಬೇಡಿ, ಹಾರ ಶಾಲು ತೆಗೆದುಕೊಂಡು ನೀವೇ ಕೆಳಗಿಳಿಯಿರಿ. ಪ್ರೂಫ್ ಪ್ರೆಸ್ಸಿಗೆ ಹೋಗುವ ಹಿಂದಿನ ದಿನ ನಾಲ್ವರಿಗೂ ಅವರವರ ಸಾಲನ್ನು ಫೋನಿನಲ್ಲಿ ಓದಿ ಹೇಳಿ, ಕಿವುಡರಿಗೆ ವಾಟ್ಸಾಪ್ ಮಾಡಿ.